ಇಲಿ ಕೊಟ್ಟ ಸರ್ಟಿಫಿಕೇಟು

ನಾಸಿಕಕ್ಕೆ ಹೊಸದಾಗಿ ಬಂದ ಕನ್ನಡಿಗರು ಕಿರಾಣಿ ಅಂಗಡಿಯಲ್ಲಿ "ಕರಡಿ ತೇಲ" ಅಂತ ಕೇಳಿ ಒಮ್ಮೆ ಬೆಚ್ಚುತ್ತಾರೆ. ಕರಡಿಯದ್ದಲ್ಲ ರೀ, ಅದು ನಮ್ಮ ವಿಜಯಪುರ, ಕಲಬುರಗಿ ಕಡೆಯ ಕುಸುಬಿ ಎಣ್ಣೆ! ಛತ್ರಪತಿ ಸಂಭಾಜಿನಗರ ಇರುವ ಮರಾಠವಾಡದ ಒಣ ಹೊಲಗಳಲ್ಲೂ ಹಿಂಗಾರಿಗೆ ಇದನ್ನು ಬೆಳೆಯುತ್ತಾರೆ.

ಇಲ್ಲಿ ಕನ್ನಡದವರು ನಾಲ್ಕು ಜನ ಊಟಕ್ಕೆ ಕೂತರೆ ಎಣ್ಣೆ ಮೇಲೋ ತುಪ್ಪ ಮೇಲೋ ಅನ್ನುವ ಚರ್ಚೆ ಇದ್ದದ್ದೇ. "ಇಲಿಗಳ ಮೇಲೆ ಪ್ರಯೋಗ ಮಾಡಿದ್ದಾರಂತೆ" ಅಂತ ಒಬ್ಬರಾದರೂ ಹೇಳುತ್ತಾರೆ. ಹೌದು, ಮಾಡಿದ್ದಾರೆ. ಆದರೆ ಆ ಇಲಿಗಳು ಏನು ಹೇಳಿದವು?

1913ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮೆಕಾಲಮ್ ಮತ್ತು ಮಾರ್ಗರೀಟ್ ಡೇವಿಸ್ ಇಲಿಗಳಿಗೆ ಬೇರೆ ಬೇರೆ ಕೊಬ್ಬು ತಿನ್ನಿಸಿ ನೋಡಿದರು. ಬೆಣ್ಣೆ ತಿಂದವು ಬೆಳೆದವು, ಹಂದಿಕೊಬ್ಬು ತಿಂದವುಗಳ ಬೆಳವಣಿಗೆ ನಿಂತಿತು. ಬೆಣ್ಣೆಯಲ್ಲಿದ್ದ ಆ ವಸ್ತುವೇ ಮುಂದೆ 'ಎ' ಜೀವಸತ್ವ ಎನಿಸಿಕೊಂಡಿತು. 1929ರಲ್ಲಿ ಮಿನೆಸೊಟಾದ ಬರ್ ದಂಪತಿ ಕೊಬ್ಬನ್ನೇ ಪೂರ್ತಿ ತೆಗೆದು, ಜೀವಸತ್ವಗಳನ್ನು ಮಾತ್ರ ಕೊಟ್ಟರು. ಇಲಿಗಳ ಬಾಲ ಹುರುಪೆಗಟ್ಟಿತು, ಮೂತ್ರಪಿಂಡ ಕೆಟ್ಟಿತು, ಬೇಗ ಸತ್ತವು. ಅವುಗಳನ್ನು ಉಳಿಸಿದ್ದು ಲಿನೊಲೆಯಿಕ್ ಆಮ್ಲ. ನಮ್ಮ ಸಾಂಪ್ರದಾಯಿಕ ಕುಸುಬಿ ಎಣ್ಣೆಯಲ್ಲಿ ಅತಿ ಹೆಚ್ಚಾಗಿರುವುದು ಅದೇ ಆಮ್ಲ. ಅಂದರೆ ಕೊಬ್ಬು ಬರೀ ಸೌದೆಯಲ್ಲ, ಅದಿಲ್ಲದೆ ಬದುಕಿಲ್ಲ.

ನಮ್ಮ ಪಕ್ಕದ ಕೂನೂರಿನಲ್ಲೂ ಮೆಕ್ಯಾರಿಸನ್ ಸಾಹೇಬರು ಇಲಿ ಸಾಕಿದ್ದರು. ಗೋಧಿ ರೊಟ್ಟಿ, ಬೆಣ್ಣೆ, ಹಾಲು, ಕಾಳು, ತರಕಾರಿಯ ಪಂಜಾಬಿ ಊಟ ತಿಂದ ಇಲಿಗಳು ಗಟ್ಟಿಮುಟ್ಟಾಗಿದ್ದವು. ಬಿಳಿ ಬ್ರೆಡ್ಡು, ಮಾರ್ಗರಿನ್, ಜ್ಯಾಮು, ಸಕ್ಕರೆ ಚಹಾದ ಬಡ ಇಂಗ್ಲಿಷ್ ಊಟ ತಿಂದವು ಸೊರಗಿದವು. ಆದರೆ ಬೆಣ್ಣೆಯೊಂದೇ ಗೆದ್ದಿತು ಅನ್ನುವಂತಿಲ್ಲ, ಬದಲಾದದ್ದು ಇಡೀ ತಟ್ಟೆ.

ಇನ್ನು ಡಾಲ್ಡಾ ಕಥೆಗೆ ಬರೋಣ. ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡಿದ ವನಸ್ಪತಿ ಈ ಹೆಸರಲ್ಲಿ 1937ರಲ್ಲಿ ಪೇಟೆಗೆ ಬಂತು. ತುಪ್ಪಕ್ಕೆ ಕಲಬೆರಕೆಯಾಗುತ್ತದೆ ಅನ್ನುವ ಕೂಗು, ತಿಂದರೆ ಕಣ್ಣು ಹೋಗುತ್ತದಂತೆ ಅನ್ನುವ ಗುಲ್ಲು! ಕಲಬೆರಕೆ ಪತ್ತೆಗೆಂದು ಅದರಲ್ಲಿ ಎಳ್ಳೆಣ್ಣೆ ಬೆರೆಸುವುದು ಕಡ್ಡಾಯವಾಯಿತು. ಆರೋಗ್ಯದ ಪ್ರಶ್ನೆ ಮತ್ತೆ ಇಲಿಗಳ ಬಳಿಗೆ ಹೋಯಿತು. 1940ರ ದಶಕದ ಕೊನೆ, 50ರ ದಶಕದ ಆರಂಭದಲ್ಲಿ ಕೂನೂರು, ಇಜ್ಜತ್‌ನಗರ, ಬೆಂಗಳೂರುಗಳಲ್ಲಿ ಪರೀಕ್ಷೆ ನಡೆಯಿತು. ಸುಮಾರು 37 ಡಿಗ್ರಿಯಲ್ಲಿ ಕರಗುವ ವನಸ್ಪತಿಯಿಂದ ವಿಶೇಷ ಕೇಡಿಲ್ಲ ಎಂಬ ತೀರ್ಮಾನ ಬಂತು.

ಸರ್ಟಿಫಿಕೇಟು ಸಿಕ್ಕಿತು. ಹಳದಿ ಡಬ್ಬಿ ಮನೆಮನೆ ಸೇರಿತು. ಮದುವೆಯ ಲಾಡು, ಜಿಲೇಬಿ ಅದರಲ್ಲೇ ಆದವು. ಖಾಲಿ ಡಬ್ಬಿಯಲ್ಲಿ ತುಳಸಿ ಬೆಳೆಯಿತು.

1990ರಲ್ಲಿ ನೆದರ್ಲೆಂಡ್ಸಿನ ಮೆನ್ಸಿಂಕ್ ಮತ್ತು ಕಾಟನ್ ಇಲಿ ಬಿಟ್ಟು 59 ಮನುಷ್ಯರಿಗೇ ತಿನ್ನಿಸಿ ನೋಡಿದರು. ಎಣ್ಣೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟ್ರಾಲ್ ಏರಿಸಿತು, ಒಳ್ಳೆಯದನ್ನು ಇಳಿಸಿತು. ಹಾಗಾದರೆ ನಮ್ಮ ಇಲಿಗಳು ಸುಳ್ಳು ಹೇಳಿದವೇ? ಇಲ್ಲ. ಅವುಗಳಲ್ಲಿ ನೋಡಿದ್ದು ಮುಖ್ಯವಾಗಿ ತೂಕ, ಬೆಳವಣಿಗೆ, ಸಂತಾನ. ಇಲಿಯ ರಕ್ತದಲ್ಲಿ ಕೊಲೆಸ್ಟ್ರಾಲ್ ಬಹುಪಾಲು ಒಳ್ಳೆಯ ಜಾತಿಯದು, ಅದರ ರಕ್ತನಾಳ ಸುಲಭಕ್ಕೆ ಕಟ್ಟಿಕೊಳ್ಳುವುದಿಲ್ಲ. ಎರಡು-ಮೂರು ವರ್ಷ ಬದುಕುವ ಪ್ರಾಣಿ ಅರವತ್ತರ ಹೃದಯದ ಬಗ್ಗೆ ಏನು ತಾನೇ ಹೇಳೀತು?

ಭಾರತದಲ್ಲಿ ಎಣ್ಣೆ-ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ನೂರಕ್ಕೆ 2ರ ಮಿತಿಗೆ ಇಳಿದದ್ದು 2022ರಲ್ಲಿ. ನಡುವೆ ಎರಡು ತಲೆಮಾರು ಉಂಡು ಮುಗಿಸಿತ್ತು. ಇನ್ನು ಮುಂದೆ ಯಾರಾದರೂ "ಇಲಿಗಳ ಮೇಲೆ ಪ್ರಯೋಗವಾಗಿದೆ" ಅಂದರೆ, ಇಲಿಗಳನ್ನು ಏನು ಕೇಳಿದರು ಅಂತಲೂ ಒಮ್ಮೆ ವಿಚಾರಿಸಿ. ಏನಂತೀರಿ?