ಆಮ್ಲಬಲದ ಅಳತೆ: ಸ್ಥಿರಾಂಕವೂ ಅದರ ಲಘುಗಣಕರೂಪವೂ

ಆಮ್ಲಗಳಲ್ಲಿ ಕೆಲವು ತೀಕ್ಷ್ಣ, ಕೆಲವು ಮೃದು ಎಂಬ ಭೇದವು ರಸಾಯನಜ್ಞರಿಗೆ ಬಹುಕಾಲದಿಂದ ತಿಳಿದಿದ್ದಿತು. ಆದರೆ ಆ ಭೇದವನ್ನು ಖಚಿತವಾದ ಅಂಕಿಗಳಲ್ಲಿ ಹೇಳುವ ಮಾರ್ಗವು ದೊರೆತುದು ೧೯ನೆಯ ಶತಮಾನದ ಕೊನೆಯಲ್ಲಿ. ನೀರಿನಲ್ಲಿ ಕರಗಿದ ಆಮ್ಲದ ಒಂದು ಭಾಗವು ಅಯಾನುಗಳಾಗಿ ಒಡೆದಿರುವುದೆಂದು ಸ್ವೀಡನ್ನಿನ ಅರ್ಹೇನಿಯಸನು ೧೮೮೭ರಲ್ಲಿ ಪ್ರತಿಪಾದಿಸಿದನು. ಮರುವರ್ಷ ಲೈಪ್‌ಜಿಗ್ ನಗರದ ಓಸ್ಟ್‌ವಾಲ್ಡನು, ದುರ್ಬಲವಾದ ಆಮ್ಲದ ದ್ರಾವಣವನ್ನು ತೆಳುಮಾಡುತ್ತ ಹೋದರೂ ಒಡೆದ ಭಾಗಕ್ಕೂ ಒಡೆಯದ ಭಾಗಕ್ಕೂ ಸಂಬಂಧಿಸಿದ ಒಂದು ನಿಷ್ಪತ್ತಿಯು ಬದಲಾಗುವುದಿಲ್ಲವೆಂದು ತೋರಿಸಿದನು. ಇದೇ ವಿಘಟನ ಸ್ಥಿರಾಂಕ. ೧೮೮೯ರಲ್ಲಿ ಅವನು ವಿದ್ಯುದ್ವಾಹಕತೆಯನ್ನು ಅಳೆದು, ಇನ್ನೂರಕ್ಕೂ ಹೆಚ್ಚು ಆಮ್ಲಗಳ ಸ್ಥಿರಾಂಕಗಳನ್ನು ಪ್ರಕಟಿಸಿದನು.

ಈ ಅಂಕಿಗಳು ಅತ್ಯಲ್ಪವಾದುವು. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲದ ಸ್ಥಿರಾಂಕವು ಸುಮಾರು ೦.೦೦೦೦೧೮. ಸೊನ್ನೆಗಳ ಈ ತೊಡಕನ್ನು ತಗ್ಗಿಸಲು ಓಸ್ಟ್‌ವಾಲ್ಡನು ತನ್ನ ಪಟ್ಟಿಗಳಲ್ಲಿ ಸ್ಥಿರಾಂಕವನ್ನು ನೂರರಿಂದ ಗುಣಿಸಿ, ೦.೦೦೧೮ ಎಂದು ಬರೆದನು.

ಇದಕ್ಕಿಂತ ಉತ್ತಮವಾದ ಉಪಾಯವು ಕೋಪನ್‌ಹೇಗನ್ನಿನಿಂದ ಬಂದಿತು. ಅಲ್ಲಿಯ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಕಿಣ್ವಗಳನ್ನು ಕುರಿತು ಸಂಶೋಧಿಸುತ್ತಿದ್ದ ಸೋರೆನ್‌ಸೆನ್ನನು, ೧೯೦೯ರಲ್ಲಿ ಜಲಜನಕ ಅಯಾನುಗಳ ಸಾಂದ್ರತೆಗೆ ಬದಲಾಗಿ ಅದರ ಋಣ ಲಘುಗಣಕವನ್ನು, ಎಂದರೆ ಲಾಗರಿದಮ್ಮಿನ ಚಿಹ್ನೆಯನ್ನು ತಿರುಗಿಸಿದ ಬೆಲೆಯನ್ನು, ಬಳಸಿದನು. ಇದೇ ಪಿ-ಎಚ್. ಅಯಾನಿಗೆ ಸಂದ ಈ ಕ್ರಮವು ಸ್ಥಿರಾಂಕಕ್ಕೂ ಸಲ್ಲಲು, ಅದಕ್ಕೆ ಪಿ-ಕೆ ಎಂಬ ಹೆಸರಾಯಿತು.

ಮಾರ್ಪಾಟಿನ ವಿಧಾನವು ಸರಳ. ೧.೮ರ ಲಘುಗಣಕವು ೦.೨೫೫೩, ೧.೮ನ್ನು ಐದು ಬಾರಿ ಹತ್ತರಿಂದ ಭಾಗಿಸಿದರೆ ನಮ್ಮ ಸ್ಥಿರಾಂಕವಾಗುವುದು. ಆದುದರಿಂದ ೫ರಲ್ಲಿ ೦.೨೫೫೩ನ್ನು ಕಳೆಯಲು ಪಿ-ಕೆ ೪.೭೪೪೭. ಹಿಂದಿರುಗುವಾಗ ೪.೭೪೪೭ನ್ನು ೫ರಿಂದ ಕಳೆದು, ಶೇಷಕ್ಕೆ ಪ್ರತಿಲಘುಗಣಕವನ್ನು ನೋಡಿ, ಐದು ಬಾರಿ ಹತ್ತರಿಂದ ಭಾಗಿಸಬೇಕು. ಪಿ-ಕೆ ಒಂದರಷ್ಟು ಏರಿದರೆ ಸ್ಥಿರಾಂಕವು ಹತ್ತನೆಯ ಒಂದಕ್ಕೆ ಇಳಿಯುವುದೆಂಬುದನ್ನೂ, ದೊಡ್ಡ ಅಂಕಿಯು ದುರ್ಬಲವಾದ ಆಮ್ಲವನ್ನೇ ಸೂಚಿಸುವುದೆಂಬುದನ್ನೂ ಮರೆಯಬಾರದು.

ಈ ರೂಪದ ಪ್ರಯೋಜನವು ಸಂಕ್ಷೇಪವೊಂದೇ ಅಲ್ಲ. ಅಮೆರಿಕದ ಹೆಂಡರ್ಸನ್ನನು ೧೯೦೮ರಲ್ಲಿ ಕೊಟ್ಟ ಸಮೀಕರಣವನ್ನು ಡೆನ್ಮಾರ್ಕಿನ ಹಾಸೆಲ್‌ಬಾಕನು ೧೯೧೬-೧೭ರ ಸುಮಾರಿಗೆ ಲಘುಗಣಕರೂಪಕ್ಕೆ ತಂದಾಗ, ಗುಣಾಕಾರವು ಕೂಡುವಿಕೆಯಾಯಿತು. ರಕ್ತದಲ್ಲಿ ಕಾರ್ಬಾನಿಕ್ ಆಮ್ಲದ ಪಿ-ಕೆ ಸುಮಾರು ೬.೧, ಬೈಕಾರ್ಬೊನೇಟು ಆ ಆಮ್ಲದ ಇಪ್ಪತ್ತರಷ್ಟಿದ್ದರೆ, ೨೦ರ ಲಘುಗಣಕವಾದ ೧.೩ ಸೇರಿ ಪಿ-ಎಚ್ ೭.೪ ಆಗುವುದು. ಆರೋಗ್ಯವಂತನ ರಕ್ತದ ಬೆಲೆಯು ಇದೇ.

ಹಳೆಯ ಪಟ್ಟಿಗಳನ್ನು ಓದುವವರು ಮಾತ್ರ ಎಚ್ಚರದಿಂದಿರಬೇಕು. ಓಸ್ಟ್‌ವಾಲ್ಡನ ೦.೦೦೧೮ಕ್ಕೆ ನೇರವಾಗಿ ಲಘುಗಣಕವನ್ನು ತೆಗೆದರೆ ೨.೭೪ ಎಂದು ಬಂದು, ಅಸಿಟಿಕ್ ಆಮ್ಲವು ನಿಜಕ್ಕಿಂತ ನೂರು ಪಾಲು ಬಲಿಷ್ಠವೆಂದು ತೋರುವುದು. ಲಘುಗಣಕವನ್ನು ತೆಗೆದ ಮೇಲೆ ನೂರರ ಗುಣಕವು ಬರಿಯ ಎರಡಾಗಿ ಅಡಗುವುದರಿಂದ, ಈ ಪ್ರಮಾದವು ಸುಲಭವಾಗಿ ಕಣ್ಣಿಗೆ ಬೀಳದು. ಆದುದರಿಂದ ಅಂಕಿಯನ್ನು ಮಾರ್ಪಡಿಸುವುದಕ್ಕೆ ಮೊದಲು, ಅದನ್ನು ಬರೆದವನ ಮಾನವು ಯಾವುದೆಂಬುದನ್ನು ವಿಚಾರಿಸುವುದು ಅವಶ್ಯಕ.