ಕಡಲು ಮುಟ್ಟದ ನೀರು

ಕಡಲಲ್ಲಿ ಮೀನು ಕಡಿಮೆಯಾಯಿತೆಂದರೆ ನಾವು ಬೊಟ್ಟು ಮಾಡುವುದು ಬೋಟು, ಬಲೆಗಳತ್ತ. ಟ್ರಾಲರ್‌ಗಳ ಹಾನಿ ನಿಜವೇ. ಆದರೆ ಕೃಷ್ಣೆ ಸೇರುವ ಬಂಗಾಳ ಕೊಲ್ಲಿಯ ಅಂಚು ಸೊರಗಿದ್ದಕ್ಕೆ ಒಂದು ಕಾರಣ, ಸಮುದ್ರವೇ ಕಾಣದ ನಮ್ಮ ಬೆಳಗಾವಿಯ ನಾಗನೂರ ಸೀಮೆಯ ನೀರಾವರಿ ಚರಿತ್ರೆಯಲ್ಲೂ ಇದೆ. 1876–78ರ ಭೀಕರ ಬರ ಬೆಳಗಾವಿ ಸೀಮೆಯನ್ನು ಹಿಂಡಿಹಾಕಿದ ಮೇಲೆ ನೀರಾವರಿಯೇ ಪ್ರಾಣ ಉಳಿಸುವ ದಾರಿ ಎಂಬ ಮಾತಿಗೆ ಬಲ ಬಂತು. 1885ರಲ್ಲಿ ಗೋಕಾಕ ಮಿಲ್ಲು ಬಂತು. ಜಲಪಾತದ ನೀರು ಯಂತ್ರ ತಿರುಗಿಸಿತು. 1897ರಲ್ಲಿ ಧೂಪದಾಳದ ಒಡ್ಡು, ಕೃಷ್ಣೆಯನ್ನು ಸೇರುವ ಘಟಪ್ರಭೆಯನ್ನು ಕಾಲುವೆಗೆ ಹೊರಳಿಸಿತು. 1977ರ ಹೊತ್ತಿಗೆ ಹಿಡಕಲ್‌ನಲ್ಲಿ 51 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟೆ ಎದ್ದಿತು. ಜೋಳ ಬೆಳೆಯುತ್ತಿದ್ದ ಹೊಲಗಳಿಗೆ ಕಬ್ಬು ಬಂತು. ಈ ಬದುಕನ್ನು ಕಟ್ಟಿದವರನ್ನು ನಾನು ಹಳಿಯಲಾರೆ.

ಆದರೂ ಲೆಕ್ಕ ಕೇಳಲೇಬೇಕು. 1901ರಿಂದ 1960ರವರೆಗೆ ಕೃಷ್ಣೆ ವರ್ಷಕ್ಕೆ ಸರಾಸರಿ ಸುಮಾರು 2,000 ಟಿಎಂಸಿ ನೀರನ್ನು ಕಡಲಿಗೆ ಒಯ್ಯುತ್ತಿತ್ತು. 1990ರ ದಶಕದಲ್ಲಿ ಅದು ಸುಮಾರು 740ಕ್ಕೆ ಇಳಿದಿತ್ತು. 2003–04ರ ಬರದಲ್ಲಂತೂ ಹೊಳೆ ಕಡಲು ಮುಟ್ಟಿದ್ದೇ ಹೆಸರಿಗಷ್ಟೇ. ನದಿ ಬರೀ ನೀರು ತರುವುದಿಲ್ಲ. ಕಡಲಲ್ಲಿ ಹುಟ್ಟಿದ ಸಿಗಡಿಯ ಕಣ್ಣಿಗೆ ಕಾಣದಷ್ಟು ಸಣ್ಣ ಮರಿ, ಸಿಹಿನೀರು ಉಪ್ಪುನೀರು ಬೆರೆಯುವ ಅಳಿವೆಗೆ ತೇಲಿ ಬಂದು, ಕಾಂಡ್ಲಾ ಗಿಡಗಳ ಬೇರಿನ ನಡುವೆ ಬಲಿತು, ಮತ್ತೆ ಕಡಲಿಗಿಳಿಯುತ್ತದೆ. ಸಿಹಿನೀರು ತಪ್ಪಿದರೆ ಅಳಿವೆ ಉಪ್ಪಾಗುತ್ತದೆ, ಆ ತೊಟ್ಟಿಲು ಕೆಡುತ್ತದೆ. ಮುಖಜಭೂಮಿಯನ್ನು ಕಟ್ಟುವ ಮೆಕ್ಕಲು ಅಣೆಕಟ್ಟೆಗಳ ತಳದಲ್ಲೇ ಕೂತುಬಿಡುತ್ತದೆ. ದಡವನ್ನು ಅಲೆ ಕೊರೆಯುತ್ತದೆ. ಮೊಟ್ಟೆಯಿಡಲು ಹೊಳೆಯೇರುವ ಹಿಲ್ಸಾ ಮೀನಿಗೆ ಒಡ್ಡುಗಳೇ ಕಂಟಕವೆಂದು ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ 1873ರಲ್ಲೇ ಎಚ್ಚರಿಸಿದ್ದ. ಮೀನಿಗೆ ದಾರಿ ಬಿಡಿ ಎಂಬ ಮಾತು ಹೊಸದೇನಲ್ಲ, ಕೇಳಿಸಿಕೊಂಡವರು ಕಡಿಮೆ.

ಶ್ರೀಶೈಲ, ನಾಗಾರ್ಜುನಸಾಗರದಂಥ ಭಾರಿ ಅಣೆಕಟ್ಟೆಗಳ ಮುಂದೆ ಹಿಡಕಲ್ ಎಷ್ಟರದು ಎಂದು ಕೇಳಬಹುದು. ಒಪ್ಪುವ ಮಾತೇ, ಆದರೆ ಹೊಳೆ ಬತ್ತಿದ್ದು ಒಂದು ಕಟ್ಟೆಯಿಂದಲ್ಲ, ಪ್ರತಿ ಕಟ್ಟೆಯವರೂ ತಮ್ಮದು ಸಣ್ಣದೆಂದುಕೊಂಡದ್ದರಿಂದ. ಕಡಲಿಗೆ ಹರಿದದ್ದು ವ್ಯರ್ಥ ಎನ್ನುವವರೂ ಇದ್ದಾರೆ. ಮಳೆಗಾಲದ ಮಹಾಪೂರ ಹೇಗೂ ಹೋಗುತ್ತದಲ್ಲ ಎಂಬ ವಾದ ಇನ್ನಷ್ಟು ಗಟ್ಟಿ: 2019ರಲ್ಲಿ ಗೋಕಾಕ ಪೇಟೆಯೇ ಮುಳುಗಿತ್ತು. ಆದರೆ ಅಳಿವೆಗೆ ಬೇಕಾದದ್ದು ವರ್ಷಕ್ಕೊಮ್ಮೆಯ ಪ್ರಳಯವಲ್ಲ, ಬೇಸಿಗೆಯಲ್ಲೂ ನಿಲ್ಲದ ಹರಿವು. ಅದೇ ಬೇಸಿಗೆಯಲ್ಲಿ ನಮ್ಮ ಕಬ್ಬಿಗೂ ನೀರು ಬೇಕು. ಗದ್ದೆ ತುಂಬ ನೀರು ಬಿಡುವ ಬದಲು ಹನಿ ನೀರಾವರಿಗೆ ತಿರುಗಿ, ಉಳಿಸಿದ್ದರಲ್ಲಿ ಒಂದು ಪಾಲನ್ನು ಹೊಳೆಗೇ ಬಿಟ್ಟರೆ ಕಬ್ಬು ಬೆಳೆಗಾರರೂ ಮೀನುಗಾರರೂ ಬದುಕಿಯಾರು. ಉಳಿಸಿದ ನೀರಿಗೆ ಇನ್ನೊಂದು ಎಕರೆ ಕಬ್ಬು ನೆಟ್ಟರೆ ಮಾತ್ರ ಕಡಲಿಗೆ ಸಿಗುವುದು ಸೊನ್ನೆ. ಹೊಳೆಗೆಂದು ಬಿಡುವ ಪಾಲಂತೂ ಸಣ್ಣದು: 2010ರಲ್ಲಿ ಎರಡನೇ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ ಕರ್ನಾಟಕದ ಪಾಲಿನಲ್ಲಿ ಹೊಳೆಯ ಕನಿಷ್ಠ ಹರಿವಿಗೆಂದು ಗುರುತಿಸಿದ್ದು 7 ಟಿಎಂಸಿ ಮಾತ್ರ.