ಮದನಿಕೆಗೆ ಮಾದರಿ ಯಾರು? ಗದುಗಿನ ನಾಗೋಜನೂ ಶಾಂತಲೆಯ ಕಥೆಯೂ

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕನ್ನಡಿ ಹಿಡಿದು ನಿಂತ ದರ್ಪಣಸುಂದರಿ ಎಂಬ ಮದನಿಕೆಯನ್ನು ತೋರಿಸುವವರು ಸಾಮಾನ್ಯವಾಗಿ ಒಂದು ಮಾತು ಸೇರಿಸುತ್ತಾರೆ: ಇವಳು ವಿಷ್ಣುವರ್ಧನನ ರಾಣಿ ಶಾಂತಲಾದೇವಿ, ಅವಳನ್ನೇ ಎದುರಿಗೆ ನಿಲ್ಲಿಸಿಕೊಂಡು ಶಿಲ್ಪಿ ಕೆತ್ತಿದ್ದು. ಕೇಳಲು ಸೊಗಸಾದ ಮಾತು. ಆದರೆ ಇದಕ್ಕೆ ದೇವಾಲಯದ ಕಲ್ಲಿನಲ್ಲಿ ಸಾಕ್ಷಿ ಸಿಗುವುದಿಲ್ಲ. ಕಲಾಶಾಲೆಯೂ ಸಿನಿಮಾ ಕ್ಯಾಮೆರಾವೂ ನಮಗೆ ಕಲಿಸಿಕೊಟ್ಟ ಪ್ರಶ್ನೆಯೊಂದನ್ನು ಹನ್ನೆರಡನೆಯ ಶತಮಾನದ ಮೇಲೆ ಹೊರಿಸಿದ್ದರಿಂದ ಹುಟ್ಟಿದ ಉತ್ತರ ಇದು ಎಂಬುದು ನನ್ನ ವಾದ. ಆ ಉತ್ತರದ ನೆರಳಿನಲ್ಲಿ, ಹೆಸರು ಬರೆದಿಟ್ಟೇ ಹೋದ ಕೆಲವರು ಮರೆಯಾಗಿದ್ದಾರೆ. ಅವರಲ್ಲಿ ಗದುಗಿನವನೊಬ್ಬನಿದ್ದಾನೆ.

1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ದೇವಾಲಯದ ಶಿಲ್ಪಿಗಳು ಸಂಕೋಚದವರಲ್ಲ. ಮೂರ್ತಿಗಳ ಪೀಠದಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಊರು, ಬಿರುದು ಎಲ್ಲವನ್ನೂ ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಮಲ್ಲಿಯಣ್ಣ, ಚಿಕ್ಕಹಂಪ ಹೀಗೆ ಸಾಲು ಬೆಳೆಯುತ್ತದೆ. ಅದರಲ್ಲಿ ಗದುಗಿನ ಕಾಟೋಜನ ಮಗ ನಾಗೋಜನೂ ಬರುತ್ತಾನೆ. 1192ರಲ್ಲಿ ವೀರಬಲ್ಲಾಳನ ಶಾಸನ ಗದುಗಿನ ತ್ರಿಕೂಟೇಶ್ವರನ ಗುಡಿಗೆ ಬರುವುದಕ್ಕೆ ಬಹಳ ಮೊದಲೇ ಗದುಗಿನ ಉಳಿ ಹೊಯ್ಸಳರ ನಾಡನ್ನು ಮುಟ್ಟಿತ್ತು. ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದನ್ನೂ ಬಿಡದೆ ಕೊರೆದ ಈ ಜನ, ಪಟ್ಟದರಾಣಿಯೇ ಎದುರಿಗೆ ನಿಂತಿದ್ದರೆ ಆ ಹೆಮ್ಮೆಯನ್ನು ಮುಚ್ಚಿಡುತ್ತಿದ್ದರೇ? ಮೌನವನ್ನು ಸಾಕ್ಷಿಯೆಂದು ಹಿಡಿಯುವಾಗ ಎಚ್ಚರ ಬೇಕು, ನಿಜ. ಆದರೆ ಇಷ್ಟು ಮಾತಾಡುವವರ ಮೌನಕ್ಕೆ ತೂಕ ಹೆಚ್ಚು.

ಮದನಿಕೆಯ ಕಲ್ಪನೆ ಬೇಲೂರಿನಲ್ಲಿ ಹುಟ್ಟಿದ್ದೂ ಅಲ್ಲ. ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದಲ್ಲಿ, ಶಾಂತಲೆಗೆ ಸಂಬಂಧವೇ ಇಲ್ಲದ ಕಲ್ಯಾಣ ಚಾಲುಕ್ಯರ ನೆಲದಲ್ಲಿ, ಕಂಬದ ತಲೆಗೆ ಒರಗಿ ಮೈ ಬಳುಕಿಸಿದ ಮದನಿಕೆಯರಿದ್ದಾರೆ. ಬೀದರ ಸೀಮೆಯ ಜಲಸಂಗ್ವಿಯಲ್ಲಿ ಶಿಲಾಬಾಲಿಕೆಯೊಬ್ಬಳು ಆರನೆಯ ವಿಕ್ರಮಾದಿತ್ಯನ ಹೊಗಳಿಕೆಯನ್ನು ತಾನೇ ಬರೆಯುತ್ತಿದ್ದಾಳೆ. ಲಕ್ಕುಂಡಿ, ಮುಂಡರಗಿ ಸೀಮೆಯ ಡಂಬಳ, ಲಕ್ಷ್ಮೇಶ್ವರದ ಸೋಮೇಶ್ವರ, 1112ರ ಇಟಗಿಯ ಮಹಾದೇವ ಇವೆಲ್ಲ ಒಂದೇ ಸೀಮೆಯ ಕೈಚಳಕ. ಬಳಪದ ಕಲ್ಲಿನ ಕುಸುರಿ ಇಲ್ಲಿ ಹದಗೊಂಡಿತ್ತು. ನಾಗೋಜ ಬೇಲೂರಿಗೆ ಬಂದಾಗ ಆ ಹೆಣ್ಣಿನ ಮೈಯ ಅಳತೆ, ಬಾಗು, ಒಡವೆಯ ಕ್ರಮ ಅವನ ಕೈಯಲ್ಲಿ ಆಗಲೇ ಇತ್ತು; ಯಾರೋ ಬಂದು ನಿಲ್ಲಲಿ ಎಂದು ಅವನು ಕಾಯಬೇಕಿರಲಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಶಾಂತಲೆ ಸಂಗೀತ, ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳೇ ಹೊಗಳುತ್ತವೆ, ಕುಣಿಯುವ ಮದನಿಕೆಯಲ್ಲಿ ಅವಳನ್ನು ಕಾಣುವುದು ತಪ್ಪೇ ಎಂಬುದು ಮೊದಲನೆಯದು. ಹೊಗಳಿಕೆ ನಿಜವೇ ಇರಲಿ. ಅದು ಅವಳ ವಿದ್ಯೆಯ ಮಾತು, ಶಿಲ್ಪಿಯ ಎದುರು ನಿಂತಳೆಂಬ ಮಾತಲ್ಲ. ಅದೇ ಪ್ರಾಕಾರದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದವಳು, 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಮಾಡಿಸಿದವಳು ಅವಳು. ಕಲ್ಲಿನೊಡನೆ ಅವಳಿಗಿದ್ದ ಸಂಬಂಧ ಕಟ್ಟಿಸಿದವಳದು. ಅದನ್ನು ಕೇವಲ ಮೈಮಾಟಕ್ಕೆ ಇಳಿಸುವುದು ಅವಳಿಗೆ ಮಾಡುವ ಗೌರವವೇನೂ ಅಲ್ಲ. ಜನರ ಬಾಯಲ್ಲಿ ಉಳಿದದ್ದಕ್ಕೂ ಬೆಲೆಯಿಲ್ಲವೇ ಎಂಬುದು ಎರಡನೆಯ, ಹೆಚ್ಚು ಗಟ್ಟಿಯಾದ ಆಕ್ಷೇಪ. ಬೆಲೆಯಿದೆ. ಆದರೆ ಅದೇ ಬಾಯಿ ಬೇಲೂರನ್ನೆಲ್ಲ ಜಕಣಾಚಾರಿ ಎಂಬ ಒಬ್ಬನ ಲೆಕ್ಕಕ್ಕೆ ಹಾಕಿತು. ಆ ಹೆಸರು ಇಲ್ಲಿನ ಶಿಲ್ಪಿಗಳ ಸಾಲಿನಲ್ಲಿಲ್ಲ. ಹಲವು ಶಿಲ್ಪಿಗಳ ಜಾಗದಲ್ಲಿ ಒಬ್ಬ ಶಿಲ್ಪಿ, ಹಲವು ಮದನಿಕೆಯರ ಜಾಗದಲ್ಲಿ ಒಬ್ಬ ರಾಣಿ: ಎರಡು ಕಥೆಗಳೂ ಒಂದೇ ಹಾದಿಯಲ್ಲಿ ನಡೆದಿವೆ. 1902ರಲ್ಲಿ ಇಲ್ಲಿನ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕದ ಹಾಸನ ಸಂಪುಟ ಅಚ್ಚಾದ ಮೇಲೂ ಕಥೆಯೇ ಗೆದ್ದಿತು. 1964ರ ‘ಅಮರಶಿಲ್ಪಿ ಜಕಣಾಚಾರಿ’ ಚಿತ್ರ ಅದಕ್ಕೆ ಬಣ್ಣವನ್ನೂ ತುಂಬಿತು.

ಒಂದು ಮೂರ್ತಿಗೆ ಒಬ್ಬ ಹೆಣ್ಣು ಎಂಬ ಲೆಕ್ಕ ನಿಜವಾಗುವ ಜಾಗಗಳೂ ಇವೆ. ನ್ಯೂಯಾರ್ಕಿನ ಹಲವು ಪ್ರತಿಮೆಗಳಿಗೆ ಆಡ್ರೆ ಮನ್ಸನ್ ಎಂಬ ಒಬ್ಬಳೇ ಮಾದರಿ. 1915ರ ‘ಇನ್‌ಸ್ಪಿರೇಷನ್’ ಮೂಕಚಿತ್ರದಲ್ಲಿ ಅವಳು ಶಿಲ್ಪಿಯ ಮಾದರಿಯಾಗಿಯೇ ನಟಿಸಿದಳು. 1931ರಲ್ಲಿ ಮಾನಸಿಕ ಆಸ್ಪತ್ರೆ ಸೇರಿ, 1996ರಲ್ಲಿ ತೀರಿಕೊಂಡಳು. ಅಲ್ಲಿ ಕೂಲಿ, ಸ್ಟುಡಿಯೋ, ಫೋಟೋ, ಪತ್ರಿಕೆ ಎಲ್ಲಕ್ಕೂ ದಾಖಲೆಯಿದೆ. ನಮ್ಮಲ್ಲಿ ಆ ಪದ್ಧತಿ ಬೇರೂರಿದ್ದು ಮುಂಬಯಿಯ ಜೆ.ಜೆ. ಕಲಾಶಾಲೆಯಂಥ ಕಡೆ, ಅಲ್ಲಿ ಗ್ಲ್ಯಾಡ್‌ಸ್ಟನ್ ಸಾಲೊಮನ್ ನಗ್ನ ಮಾದರಿಯ ತರಗತಿ ತೆರೆದದ್ದು 1919ರಲ್ಲಿ. ಸಿನಿಮಾ ಇನ್ನೊಂದು ಕಡೆಯಿಂದ ಅದೇ ಕೆಲಸ ಮಾಡಿತು. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯಾದವನು ಅಣ್ಣಾ ಸಾಳುಂಕೆ ಎಂಬ ಗಂಡಸು. ಮೋಹನ ಭವನಾನಿಯ ‘ವಸಂತಸೇನಾ’ ಮೂಕಚಿತ್ರದ ಹೊತ್ತಿಗೆ ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ ಸ್ವಂತ ಹೆಸರಿನಿಂದಲೇ ತೆರೆಯ ಮೇಲಿದ್ದರು. ಶೂದ್ರಕನ ನಾಟಕದ ಗಣಿಕೆ ವಸಂತಸೇನೆಗೆ ಈಗ ಗುರುತಿಸಬಹುದಾದ ಮುಖ ಬಂತು. ತೆರೆಯ ಹೆಣ್ಣು ಯಾರು ಎಂದು ಕೇಳಿ ರೂಢಿಯಾದ ಕಣ್ಣು ಕಲ್ಲಿನ ಹೆಣ್ಣನ್ನೂ ಹಾಗೆಯೇ ಕೇಳಿತು.

ಹಾಗಾದರೆ ಜೀವಂತ ಹೆಣ್ಣಿನ ಪಾಲು ಮದನಿಕೆಯಲ್ಲಿ ಸೊನ್ನೆಯೇ? ಅಷ್ಟು ದೂರ ನಾನು ಹೋಗಲಾರೆ. ಚಾಲುಕ್ಯರ ಕಾಲದ ದೇವಾಲಯ ಶಾಸನಗಳು ಪಾತ್ರದವರಿಗೆ, ಸೂಳೆಯರಿಗೆ, ಮದ್ದಳೆಯವರಿಗೆ ಬಿಟ್ಟ ಜಮೀನನ್ನು ಮತ್ತರುಗಳ ಲೆಕ್ಕದಲ್ಲಿ ಬರೆದಿವೆ. ಗುಡಿಯ ರಂಗದ ಮೇಲೆ ಅವರು ಕುಣಿಯುವುದನ್ನು ನೋಡುತ್ತಲೇ ಶಿಲ್ಪಿಗಳ ಮಕ್ಕಳು ಬೆಳೆದಿರಬೇಕು. ಸೊಂಟದ ಬಾಗು, ಎತ್ತಿದ ಹಿಮ್ಮಡಿ ಬಂದದ್ದು ಅಲ್ಲಿಂದ, ಒಬ್ಬಳಿಂದಲ್ಲ, ತಲೆಮಾರುಗಳಿಂದ. ರಾಣಿಯನ್ನು ಕಾಣಲೇಬೇಕೆನ್ನುವವರು ಕನ್ನಡಿಯವಳನ್ನು ಬಿಟ್ಟು ಪೂರ್ವದ್ವಾರದ ಪಕ್ಕದ ಜಾಲಂಧ್ರವನ್ನು ನೋಡಬಹುದು. ವಿಷ್ಣುವರ್ಧನನ ಆಸ್ಥಾನವೆಂದು ವಿದ್ವಾಂಸರು ಗುರುತಿಸುವ ಆ ಫಲಕದಲ್ಲಿ ರಾಣಿ ರಾಜನ ಪಕ್ಕದಲ್ಲಿ ಕುಳಿತಿದ್ದಾಳೆ, ಸುತ್ತ ಪರಿವಾರವಿದೆ.